ಜಾಗಟೆ ದಾಟುವ ಕಾಲು

ಬೆಳಕು ಮೊದಲು ಬಿದ್ದದ್ದು ಜಾಗಟೆಯ ಉಬ್ಬಿನ ಮೇಲೆ, ಆಮೇಲೆ ನನ್ನ ಹೆಬ್ಬೆರಳ ಮೇಲೆ — ಉಗುರು ಕತ್ತರಿಸಿಕೊಳ್ಳಬೇಕಿತ್ತು, ಥೂ, ಈ ಹೊತ್ತಲ್ಲಿ ಉಗುರಿನ ಚಿಂತೆ — ಎದುರಿಗೆ ಮೊದಲ ಸಾಲು, ಅಲ್ಲಿ ಅಪ್ಪ, ತೊಂಬತ್ತೊಂದು ವರ್ಷದ ಅಪ್ಪ, ತಲೆಗೆ ಬಾತಿಕ್ ರುಮಾಲು, ಪಕ್ಕದಲ್ಲಿ ಕರೆತಂದ ತಮ್ಮ, ತಾನೇ ಬರ್ತೀನಿ ಅಂದ ಕಣಕ್ಕ, ನಾನೇನು ಮಾಡ್ಲಿ, ಅಂತ ಫೋನಿನಲ್ಲಿ ಅಂದಿದ್ದ, ಮೂವತ್ತೊಂದು ವರ್ಷ ನನ್ನ ಆಟಕ್ಕೆ ಬಾರದ ಅಪ್ಪ ಇವತ್ತೇ ಯಾಕೆ ಬಂದ, ಇದೇ ನಾಟಕಕ್ಕೆ, ಇದೇ ಜಾಗಟೆಯ ಮುಂದೆ, ಅವನದೇ ಜಾಗಟೆ, ಬಂಡಿಯ ಗಾಲಿಯಷ್ಟು ದೊಡ್ಡ ಕಂಚು, ಅಂದು ಹಾಡಿಗೆ ಬೇಕಪ್ಪಾ ಅಂತ ಸುಳ್ಳು ಹೇಳಿ ತಂದಿದ್ದೆ, ಹಾಡಿಗಲ್ಲ, ನೆಲಕ್ಕೆ ಮಲಗಿಸಿ ದಾಟುವುದಕ್ಕೆ, ಜಾವಾದ ನಮ್ಮ ಸೋಲೋ ಊರಲ್ಲಿ ಕಳ್ಳನೂ ವಾದ್ಯ ದಾಟುವುದಿಲ್ಲ, ಬಗ್ಗಿ ಬಳಸಿಕೊಂಡು ಹೋಗುತ್ತಾನೆ, ನ್ದುಕ್, ಮಗಳೇ, ಇದಕ್ಕೆ ಜೀವ ಇದೆ, ಸುತ್ತಿಕೊಂಡು ಹೋಗು, ಎನ್ನುತ್ತಿದ್ದ ಅಪ್ಪ, ಗುರುವಾರ ಸಂಜೆ ಹೂವಿಟ್ಟು, ಬಿಳಿ ಬಟ್ಟೆಯಲ್ಲಿ ಒರೆಸಿ, ಒಂದೇ ಒಂದು ಸಲ ಬಾರಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ದನಿ ಪೂರ್ತಿ ಆರುವವರೆಗೆ ತೆರೆಯುತ್ತಿರಲಿಲ್ಲ, ನಾನು ಅವನ ರೆಪ್ಪೆಗಳನ್ನೇ ನೋಡುತ್ತಾ ಕೂರುತ್ತಿದ್ದೆ.

ಇದನ್ನ ದಾಟದೆ ಇದ್ರೆ ನೀನು ಜನ್ಮಪೂರ್ತಿ ಅಪ್ಪನ ಮಗಳಾಗೇ ಉಳೀತೀಯ ನಿಂಗ್ರುಮ್, ನಟಿ ಆಗಲ್ಲ — ಅಂದದ್ದು ಪಾಕ್ ಹಾರ್ಜೊ, ನಮ್ಮ ತಂಡ ಕಟ್ಟಿದವರು, ಈಗ ಮಣ್ಣಾದರು, ಪುಣ್ಯಾತ್ಮ, ಮೂವತ್ತೊಂದು ವರ್ಷದ ಹಿಂದೆ ಅವರ ಮಾತು ಕೇಳಿ ದಾಟಿದೆ, ಸಭೆಗೆ ಸಭೆಯೇ ಹಾ ಎಂದಿತು, ಅಪ್ಪ ಎದ್ದ, ಚಪ್ಪಲಿ ಕೈಯಲ್ಲಿ ಹಿಡಿದು ಹೊರಟ, ಜಾಗಟೆಯನ್ನು ಮತ್ತೆ ಮನೆಗೆ ಒಯ್ಯಲೇ ಇಲ್ಲ, ನನ್ನನ್ನು ಪತ್ರಿಕೆಯವರು ಹೊಗಳಿ ಅಟ್ಟಕ್ಕೇರಿಸಿದರು, ಆಮೇಲೆ ತಗಡಿನ ಡಬ್ಬ ಬಡಿದು ಹಾಡಿದೆ, ತಲೆಕೆಳಗಾಗಿ ಜೋತುಬಿದ್ದು ಅಪ್ಪ ಕಲಿಸಿದ ರೆಬಾಬ್ ಪಿಟೀಲಿನ ಎರಡು ತಂತಿಯ ಮೇಲೆ ಕಮಾನು ಎಳೆದೆ, ಯಾವ್ಯಾವುದೋ ದೇಶದಲ್ಲಿ ಚಪ್ಪಾಳೆ, ರಂಜಾನ್ ಉಪವಾಸ ಮುಗಿದ ಪ್ರತಿ ಲೆಬಾರನ್ ಹಬ್ಬಕ್ಕೆ ಮಾತ್ರ ಮನೆಗೆ ಬಂದು ಅವನ ಮಂಡಿಗೆ ಹಣೆ ಹಚ್ಚಿ ತಪ್ಪಾಯ್ತಪ್ಪಾ ಎನ್ನುವುದು, ತಮ್ಮಂದಿರ ತಲೆ ಮೇಲೆಲ್ಲ ಕೈ ಇಡುವವನು, ನನ್ನ ಸರದಿ ಬಂದಾಗ ಕೈ ಹಿಂದಕ್ಕೆ, ಮೂವತ್ತೊಂದು ಹಬ್ಬ, ಒಂದು ಮಾತಿಲ್ಲ.

ಬಳಸಿ ಹೋಗ್ಲಾ, ಅಂತ ಮಧ್ಯಾಹ್ನ ವಿಂದುವನ್ನು ಕೇಳಿದೆ, ಈಗ ಅದೇ ನಾಟಕವನ್ನು ಮತ್ತೆ ಆಡಿಸುವವಳು ಈ ಹುಡುಗಿ, ಬಣ್ಣದ ಕೋಣೆಯಲ್ಲಿ ಕಿಸಕ್ಕನೆ ನಕ್ಕಳು, ಬಳಸಿ ಹೋಗೋಕೆ ನೀವೇ ಯಾಕೆ ಬೇಕಿತ್ತು ಬು, ಅಮ್ಮಾ, ಜನ ಬಂದಿರೋದೇ ಆ ಒಂದು ಹೆಜ್ಜೆಗೆ — ಸರಿ ತಾಯಿ, ನಿಜ ತಾಯಿ, ಬಳಸಿದರೆ ನನ್ನ ಇಡೀ ಬಾಳು ಸುಳ್ಳು, ದಾಟಿದರೆ ಆ ಕೈ ಇನ್ನು ಈ ಜನ್ಮದಲ್ಲಿ ನನ್ನ ತಲೆ ಮೇಲೆ ಬರುವುದಿಲ್ಲ, ತೊಂಬತ್ತೊಂದು ವರ್ಷ, ಇನ್ನೆಷ್ಟು ಹಬ್ಬ ಉಳಿದಾವು, ದೇವರೇ, ಯಾಕಾದರೂ ಒಪ್ಪಿದೆನೋ — ಬು, ಕಾಲು, ಕಾಲು, ಅಂತ ಪರದೆ ಸಂದಿಯಿಂದ ವಿಂದು ಪಿಸುಗುಟ್ಟುತ್ತಿದ್ದಾಳೆ, ಎತ್ತಿದೆ ಕಣೇ, ಎತ್ತಿದ್ದೀನಿ, ಪಾದ ಉಬ್ಬಿನ ಮೇಲೆ, ಗಾಳಿಯಲ್ಲಿ, ಅಪ್ಪ ಏಳುತ್ತಾನೆ, ಈಗ ಏಳುತ್ತಾನೆ, ಚಪ್ಪಲಿಗೆ ಬಗ್ಗುತ್ತಾನೆ — ಬಗ್ಗಲಿಲ್ಲ, ಕಣ್ಣು ಮುಚ್ಚಿಕೊಂಡ, ನಿದ್ದೆಯಲ್ಲ, ತೊಡೆ ಮೇಲೆ ಬೆರಳು ತಾಳ ಹಾಕುತ್ತಿದೆ, ದಾಟು ನ್ದುಕ್, ನಾನು ನೋಡಲ್ಲ, ಅಂತಲಾ ಇದರ ಅರ್ಥ? ಬೇಡಪ್ಪಾ, ಹಾಗೆ ಬೇಡ, ನಿನ್ನ ಕಣ್ಣೆದುರಿಗೆ ದಾಟಿ ನಿನ್ನ ಮಗಳಾಗೇ ಉಳಿಯಬೇಕು ನನಗೆ, ಬೈದರೂ ಸರಿ, ನೋಡು, ಒಂದೇ ಒಂದು ಸಲ ನೋಡು — ಕಾಲು ಗಾಳಿಯಲ್ಲೇ ಇದೆ, ಜಾಗಟೆ ಇನ್ನೂ ಬಾರಿಸಿಲ್ಲ, ಆರಲು ದನಿಯೇ ಇಲ್ಲ, ದನಿ ಆರದೆ ಅವನು ಕಣ್ಣು ತೆರೆಯುವವನಲ್ಲ, ಮುಚ್ಚಿದ ರೆಪ್ಪೆ, ಅಪ್ಪನ ಮುಚ್ಚಿದ ರೆಪ್ಪೆ, ಮುಚ್ಚಿದ