ಕೆಮ್ಮು ತೆಗೆದ ಹಾಡು

ಥೂ, ಮತ್ತೆ ಅದೇ ಪಚಕ್, ಪ್ರತಿ ಸಾಲಿಗೂ ಮುಂಚೆ ತುಟಿ ಚಪ್ಪರಿಸುವ ಸದ್ದು, ಹೆಡ್‌ಫೋನಿನೊಳಗಿಂದ ಯಾರೋ ನನ್ನ ಕಿವಿ ನೆಕ್ಕಿದ ಹಾಗೆ, ಇವರೇ ನಮ್ಮ ಮಹಾಗಾಯಕರು, ಇವರ ಕರೆಗೆ ಓಗೊಟ್ಟು ಏಳು ದೇಶದವರು ಅವರವರ ಕೋಣೆಯಲ್ಲಿ ಕಣ್ಣು ಮುಚ್ಚಿ ಒಂದೊಂದು ಸಾಲು ಹಾಡಿಯೋ ನುಡಿಸಿಯೋ ಕಳಿಸಿದ್ದಾರೆ, ಉಸಿರಿನ ಕಾಯಿಲೆಯ ಮಕ್ಕಳ ವಾರ್ಡಿಗೆ ಯಂತ್ರ ಕೊಳ್ಳುವ ದುಡ್ಡಿಗಾಗಿ, ಮುಚ್ಚಿದ ಕಣ್ಣಿಗೆ ಮಕ್ಕಳು ಕಾಣುವುದು ಹೇಗೋ, ಎಲ್ಲವನ್ನೂ ಜೋಡಿಸುವ ದರ್ಜಿ ನಾನು, ಹೊಲಿಗೆ ನನ್ನದು, ಹೊಗಳಿಕೆ ಅವರದು — ಪಲ್ಲವಿ ಮಾತ್ರ ಮಕ್ಕಳದು, ವಾರ್ಡಿಗೆ ಹೋಗಿ ನಾನೇ ಧ್ವನಿ ಮುದ್ರಿಸಿಕೊಂಡೆ, ಸ್ಪಿರಿಟ್ ವಾಸನೆ, ಮಂಚದ ಕಂಬಿಗೆ ಕಟ್ಟಿದ ಮೈಕು, ಅದೇ ಮಂಚದ ಮೇಲಿರುವ ಅಕ್ಕನ ಮಗಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಸಾಲು ಹಾಡುತ್ತಾಳೆ, ನಡುವೆ ಕೆಮ್ಮು, ಉಸಿರು ಹುಡುಕಿಕೊಂಡು ಮತ್ತೆ ಅದೇ ಶ್ರುತಿಗೆ ಬಂದು ಕೂರುತ್ತಾಳೆ, ಮಾಮಾ, ನಂದು ಇರತ್ತಲ್ವಾ, ಇರತ್ತೆ ಕಣೇ, ನೀನಿಲ್ದೆ ಹಾಡೆಲ್ಲಿ, ಅಂದುಬಿಟ್ಟೆ — ಆಮೇಲೆ ಫೋನಿನಲ್ಲಿ ಮಹಾಗಾಯಕರು, ಜೇನು ಸುರಿದ ಗಂಟಲು, ಎಲ್ಲಾ ಸೊಗಸಾಗಿದೆ, ಆ ಕೆಮ್ಮೊಂದು ತೆಗೆದುಬಿಡಿ, ಕೇಳೋರಿಗೆ ಒಂಥರಾ ಆಗತ್ತೆ, ಕೆಮ್ಮು ಪದದೊಳಗೇ ಇದೆ ಸಾರ್, ತೆಗೆದ್ರೆ ಅವಳ ಸಾಲೇ ಹೋಗತ್ತೆ, ಹೋಗ್ಲಿ ಬಿಡಿ, ಮಕ್ಕಳು ಬೇಕಾದಷ್ಟಿದ್ದಾರಲ್ಲ.

ಬೇಕಾದಷ್ಟು, ಡಬ್ಬದಲ್ಲಿರುವ ಬಿಸ್ಕತ್ತಿನ ಹಾಗೆ, ಹೇಸಿಗೆಯ ಬಾಲ ಹಿಡಿದು ಕೀಟಲೆಯೂ ಬಂತು, ಕಾಲೇಜಿನಲ್ಲಿ ಥೇಟ್ ಪ್ರಿನ್ಸಿಪಾಲರ ಹಾಗೇ ಸೀನಿ ಇಡೀ ತರಗತಿಯನ್ನು ಎದ್ದು ನಿಲ್ಲಿಸಿದ ಗಂಟಲು ಇದು, ಸುಮ್ಮನಿರುತ್ತದೆಯೇ, ಮೈಕಿನ ಮುಂದೆ ಕೂತು ಎಲ್ಲರ ಪರವಾಗಿ ಕೆಮ್ಮಿದೆ, ಕೊಳಲಿನವನದು ತೆಳ್ಳಗೆ, ಡ್ರಮ್ಮಿನವಳದು ಎರಡೆರಡು ಏಟು, ಮಹಾಗಾಯಕರದು ಆಲಾಪದಲ್ಲಿ ಶುರುವಾಗಿ ಕಫದಲ್ಲಿ ಮುಗಿಯುವಂಥದ್ದು, ಒಂದೊಂದನ್ನೂ ಅವರವರ ಸಾಲಿನ ಎದೆಗೇ ಚುಚ್ಚಿಟ್ಟೆ — ಈಗ ಮಹಾಗಾಯಕರೇ ಪಕ್ಕದ ಕುರ್ಚಿಯಲ್ಲಿ, ಅತ್ತರಿನ ಹಿಂದೆ ಹಳೇ ಬೆವರು, ಕೇಳಲಿ, ಮುಖ ಹುಳ್ಳಗಾಗಲಿ, ಒಂಥರಾ ಆಯ್ತಾ ಸಾರ್ ಅನ್ನುತ್ತೇನೆ, ನಾಚಿಕೆಯಾಗುತ್ತದೆ, ಅವಳ ಸಾಲು ಉಳಿಯುತ್ತದೆ, ಬಂತು, ಆಲಾಪ, ಕಫ, ನನಗೇ ನಗು ತಡೆಯಲಾಗಲಿಲ್ಲ, ಆದರೆ ನನಗಿಂತ ಜೋರಾಗಿ ನಗುತ್ತಿರುವವರು ಅವರು, ತೊಡೆ ತಟ್ಟಿಕೊಂಡು, ಎಂಥಾ ಕಳ್ಳನಯ್ಯಾ ನೀನು, ನಂದೊಂದಿರ್ಲಿ, ತೆಗೀಬೇಡ, ಪಾಪ ಹುಷಾರಿಲ್ದೇ ಇದ್ರೂ ಹಾಡಿದ್ರು ಅಂತ ಜನ ಕಣ್ಣೀರು ಹಾಕ್ತಾರೆ, ಮಿಕ್ಕಿದ್ದೆಲ್ಲ ತೆಗಿ, ಆ ಹುಡುಗೀದೂ, ಈಗ್ಲೇ, ನನ್ನ ಮುಂದೇನೇ — ಇವರು ಮುನಿದರೆ ಹಾಡಿಲ್ಲ, ಹಾಡಿಲ್ಲದಿದ್ದರೆ ವಾರ್ಡಿಗೆ ಉಸಿರಿನ ಯಂತ್ರವಿಲ್ಲ, ಯಂತ್ರವಿಲ್ಲದಿದ್ದರೆ ಅವಳು, ಅಳಿಸುವ ಗುಂಡಿ ಒತ್ತಿದ್ದು ನನ್ನ ಬೆರಳೇ, ಪರದೆಯ ಮೇಲೆ ಅವಳ ದನಿಯ ಅಲೆಗಳಿದ್ದ ಜಾಗ ಈಗ ನೆಟ್ಟಗಿನ ಗೆರೆ, ಅವರಿನ್ನೂ ನಗುತ್ತಲೇ ಇದ್ದಾರೆ, ಅಷ್ಟಗಲ ಬಾಯಿ, ಒದ್ದೆ, ಒಳಗೆ ಕಿರುನಾಲಿಗೆ, ಕೆಂಪಗೆ, ತೂಗುತ್ತಿದೆ, ಬೇರೆ ಕಡೆ ನೋಡಬೇಕು, ಕಿರುನಾಲಿಗೆ, ಗೋಡೆ ನೋಡಬೇಕು, ನೋಡಿದರೆ ಅಲ್ಲೂ ಕಿರುನಾಲಿಗೆ, ತೂಗುತ್ತಿದೆ, ಕಿರುನಾಲಿಗೆ