ಊರೊಟ್ಟಿನ ಟಗರು

"ನಮ್ಮೆಲ್ಲರ ಟಗರಿಗೆ ಬೀಜ ಒಡೆಸೋಕೆ ನೀನ್ಯಾರಣ್ಣಾ? ಒಂದು ಮಾತು ಕೇಳೋಕೆ ನಿನ್ನ ಬಾಯಿಗೇನು ಉಣ್ಣಾಗಿತ್ತಾ?"

ಮುನಿರತ್ನಮ್ಮನ ಕೂಗಿಗೆ ಊರದೊಡ್ಡಿಯ ಕುರಿಗಳೆಲ್ಲ ಬೆದರಿ ಮೂಲೆ ಸೇರಿದವು. ಮೇಚೇರಿ ಕಡೆಯ ಆ ಊರಿನಲ್ಲಿ ಕುರಿ ಸಾಕುವ ಮನೆಗಳೆಲ್ಲ ಸೇರಿ ಒಂದೇ ಟಗರು ಇಟ್ಟುಕೊಂಡಿದ್ದವು. ಅದನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ, ಸರದಿಯ ಮೇಲೆ ಮೇಯಿಸಬೇಕು. ಕೊರೋನಾದಲ್ಲಿ ಸಂತೆ ಮುಚ್ಚಿದಾಗಲೂ ಅದು ಜಾಲಿಕಾಯಿ ತಿಂದುಕೊಂಡೇ ಎಲ್ಲರ ಹಿಂಡು ಬೆಳೆಸಿತ್ತು.

ಕುರಿ ಸಾಕುವವರ ಸಂಘದ ಮುಖಂಡ ದೊಡ್ಡಣ್ಣ, ಸರ್ಕಾರದ ಯೋಜನೆಯವರು ಕೊಟ್ಟ ಹೊರಗಿನ ತಳಿಯ ಸೀಮೆ ಟಗರನ್ನು ನಂಬಿ, ಹಳೆಯದರ ಬೀಜ ಒಡೆಸಿ ಬಾಡೂಟಕ್ಕೆಂದು ಕೊಬ್ಬಿಸುತ್ತಿದ್ದ. ಸೀಮೆಯದಕ್ಕೆ ತಿನ್ನಲು ಮೂಟೆಯಲ್ಲಿ ಬರುವ ತೀವನವೇ ಆಗಬೇಕು. ಎಲ್ಲೋ ಯುದ್ಧ ಹತ್ತಿಕೊಂಡು ಮೂಟೆ ಬರುವುದು ನಿಂತಿತು. ಅದು ಬಡಕಲಾಗಿ ನಿನ್ನೆ ಸತ್ತಿತು. ತನ್ನ ಕುರಿಗಳ ಜತೆ ಬಿಡಲೆಂದು ಹಳೆಯದನ್ನು ಹಿಡಿಯಲು ಬಂದಾಗಲೇ ಮುನಿರತ್ನಮ್ಮನಿಗೆ ಬೀಜ ಒಡೆಸಿದ್ದು ಗೊತ್ತಾದದ್ದು.

"ಎರಡಿದ್ರೆ ಜಾತಿ ಕೆಡ್ತದೆ ಅಂತ ಆಪೀಸರ್ ಏಳಿದ್ರು ತಂಗೀ. ಎಂಥಾ ಕಷ್ಟ ಬಂದ್ರೂ ತಡಕೊಳ್ಳೋ ಊರು ಅಂತ ಬೋರ್ಡು ಬೇರೆ ಆಕವ್ರೆ."

"ಆ ಬೋರ್ಡನ್ನೇ ಕುರಿ ಜತೆ ಬುಡು, ಮರಿ ಆಕ್ತವೆ!"

ನೆರೆದವರು ನಕ್ಕರು. ಅವಳಿಗೆ ಮೈಯುರಿಯಿತು. ಅವಳ ಕುರಿಗಳು ಬೆದೆಗೆ ಬಂದಿದ್ದವು, ಮರಿಯಾಗದಿದ್ದರೆ ಮುಂದಿನ ವರ್ಷ ಒಲೆ ಉರಿಯುವುದಿಲ್ಲ. ಸುತ್ತಿನ ಊರುಗಳಲ್ಲೂ ಇದೇ ಬುದ್ಧಿಗೇಡಿತನ ನಡೆದು, ಬೀಜದ ಟಗರು ಒಂದೂ ಉಳಿದಿರಲಿಲ್ಲ.

"ಸಂಘ ಐತಲ್ಲ, ಇನ್ನೊಂದು ಟಗರು ಕೇಳಾನ," ಎಂದ ದೊಡ್ಡಣ್ಣ.

"ಕೇಳ್ಕೊಂಡು ಕೂತಿರು."

ಅವಳು ದೊಡ್ಡಿಯ ತಡಿಕೆ ಸರಿಸಿ, ತನ್ನ ಕುರಿಗಳನ್ನಷ್ಟೇ ಬೇರೆ ಮಾಡಿ, ಅಕ್ಕನ ಊರಾದ ಪಾಲಮಲೆಯ ದಾರಿಗೆ ಅಟ್ಟಿದಳು. ಅಲ್ಲಿಗಿನ್ನೂ ಯೋಜನೆ ಹತ್ತಿರಲಿಲ್ಲ, ಹಳೆಯ ಟಗರು ಹಾಗೇ ಇತ್ತು. ಸಂಜೆಗೆ ತಿರುಗಿ ಬರುತ್ತಾಳೆಂದು ದೊಡ್ಡಣ್ಣ ಹೇಳುತ್ತಲೇ ಇದ್ದ. ಅವಳು ಬರಲಿಲ್ಲ.