ನೀರೆಯರ ಹಡಗು

ಶ್ರೀಶೈಲ ಅಂಟಾರ್ಕ್ಟಿಕಾಕ್ಕೆ ಹೊರಟ ಸಂಶೋಧನಾ ಹಡಗಿನ ಹೆಸರು ‘ನೀರಿಯಿಡ್ಸ್’. ಗ್ರೀಕರ ಪುರಾಣದಲ್ಲಿ ಸಮುದ್ರದ ಮುದಿ ದೇವರೊಬ್ಬನಿಗೆ ಐವತ್ತು ಹೆಣ್ಣುಮಕ್ಕಳು. ಅಲೆಗಳಲ್ಲೇ ಹುಟ್ಟಿ ಅಲೆಗಳಲ್ಲೇ ಆಡುವ ಆ ಜಲಕನ್ಯೆಯರ ಹೆಸರನ್ನೇ ಹಡಗಿಗೆ ಇಟ್ಟಿದ್ದರು.

“ನಮ್ಮ ಭಾಷಾದಾಗೂ ಅವ್ರು ನೀರೆಯರೇ ಅಲ್ಲೇನಕ್ಕ?” ಎಂದು ಹೊರಡುವ ಮುಂಚೆ ಅವನು ನಕ್ಕಿದ್ದ.

ವಿಜಯಪುರದ ಬಿಸಿಲಲ್ಲಿ ಬೆಳೆದ ಹುಡುಗ ಲೀಡ್ಸಿನಲ್ಲಿ ಸಮುದ್ರವಿಜ್ಞಾನ ಓದಿದ್ದ. ಅಕ್ಕ ಮಹಾದೇವಿ ಬರ್ಮಿಂಗ್‌ಹ್ಯಾಮಿನಲ್ಲಿ ಜಿಪಿ, ಬಡಾವಣೆಯ ವೈದ್ಯೆ. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅವಳೇ. ಈಗಲೂ ಭಾನುವಾರ ಮಧ್ಯಾಹ್ನ ಅವನ ಫೋನ್ ಬರುವವರೆಗೆ ಅವಳು ಊಟಕ್ಕೆ ಕೂರುತ್ತಿರಲಿಲ್ಲ.

ಹಡಗಿನ ತಳದಲ್ಲಿ ಉಗ್ರಾಣವಾಗಿದ್ದ ಒಂದು ಕೋಣೆಯನ್ನು ಹೊಸದಾಗಿ ಪ್ರಯೋಗಾಲಯ ಮಾಡಿದ್ದರು. ಅಲ್ಲಿ ಶ್ರೀಶೈಲ ಮತ್ತು ಸಾಲ್ಫರ್ಡಿನ ಲಿಯಮ್ ಎಂಬ ಹುಡುಗ ಸರದಿಯಲ್ಲಿ ಕೂತು, ನೀರಿಗಿಳಿಸಿದ ಮೈಕಿನಿಂದ ಹಿಮದಡಿಯ ಸದ್ದು ಕೇಳಬೇಕಿತ್ತು. ಸೀಲ್‌ಗಳ ಕೂಗು, ಹಿಮ ಬಿರಿಯುವ ಸದ್ದು. ಹಡಗಿನಲ್ಲಿ ಗ್ರೀಸಿನವನೇ ಆದ ಎಂಜಿನಿಯರ್ ಒಬ್ಬನಿದ್ದ. ನಡು ಮಧ್ಯಾಹ್ನ ನೀರಿನ ಹತ್ತಿರ ಒಬ್ಬನೇ ನಿಲ್ಲಬೇಡ, ಆ ಜಲಕನ್ಯೆಯರು ಗಂಡಸರ ಬುದ್ಧಿ ಕದಿಯುತ್ತಾರೆ ಎಂದು ತನ್ನ ಊರಿನ ಅಜ್ಜಿಯರು ಹೇಳುತ್ತಿದ್ದುದನ್ನು ಅವನು ತಮಾಷೆಯಾಗಿ ಹೇಳಿದ್ದನಂತೆ. ಮೊದಲ ವಾರಗಳಲ್ಲಿ ಶ್ರೀಶೈಲನೂ ಅದನ್ನು ತಮಾಷೆಯಾಗಿಯೇ ಅಕ್ಕನಿಗೆ ಹೇಳಿದ.

ಆಮೇಲೆ ಒಂದು ಭಾನುವಾರ ಅವನ ಮಾತು ಎಳೆದೆಳೆದು ಬಂತು.

“ತಲಿ ಸಿಡ್ಯಾಕತ್ತೈತಿ ಅಕ್ಕ. ಊಟ ಸೇರವಲ್ದು.”

“ಹಡಗ ಹೊಯ್ದಾಡತೈತೇನು?”

“ಇಲ್ಲ, ಹಿಮದಾಗ ನಿಂತೈತಿ. ಹೇಳಿದ್ರ ನಗ್ತಿ. ನೀರಾಗ ಹೆಣ್ಮಕ್ಕಳು ಹಾಡ್ತಾರ. ಬೀಸುಕಲ್ಲ ಮುಂದ ಕುಂತು ಹಾಡ್ತಾರಲ್ಲ, ಹಂಗ. ಪದ ತಿಳಿಯೂದಿಲ್ಲ. ಮೈಕ್ ಬಂದ್ ಮಾಡಿದ್ರೂ ಕೇಳತೈತಿ. ಮ್ಯಾಲ ಹೋಗಿ ಗಾಳಿಗೆ ನಿಂತ್ರ ನಿಲ್ಲತೈತಿ. ಲಿಯಮ್‌ಗೂ ಕೇಳತೈತಂತ.”

ಮಹಾದೇವಿ ನಗಲಿಲ್ಲ. ಅವಳಿಗೆ ಸೋದರಮಾವ ಅಡಿವೆಪ್ಪ ನೆನಪಾದ. ಶ್ರೀಶೈಲನ ವಯಸ್ಸಿನಲ್ಲೇ ಅವನಿಗೂ ಯಾರೋ ಕರೆದಂತೆ ಕೇಳಿಸತೊಡಗಿತ್ತು. ಒಂದು ಬೆಳಿಗ್ಗೆ ಯಾರಿಗೋ ‘ಬಂದೆ’ ಎಂದು ಉತ್ತರಿಸುತ್ತಾ ಹೋಗಿ ಬಾವಿಗೆ ಬಿದ್ದ. ತಮ್ಮನಿಗೆ ಅದು ಗೊತ್ತಿತ್ತು. ಆ ವಿಷಯ ಮನೆಯ ಹೊರಗೆ ಯಾರೂ ಆಡುತ್ತಿರಲಿಲ್ಲ. ಎರಡು ದಿನ ಯೋಚಿಸಿ ಅವಳು ಹಡಗಿನ ಡಾಕ್ಟರಿಗೆ ಫೋನ್ ಮಾಡಿ, ಮಾವನ ಸುದ್ದಿಯನ್ನೂ ಬಿಡದೆ, ಎಲ್ಲ ಹೇಳಿದಳು.

“ಹೇಳಿದ್ದು ಒಳ್ಳೆಯದಾಯಿತು,” ಎಂದರು ಆ ಡಾಕ್ಟರಮ್ಮ. “ನಿನ್ನೆ ಮಧ್ಯಾಹ್ನ ನಿಮ್ಮ ತಮ್ಮ ಡೆಕ್ಕಿನ ಕಂಬಿ ಹತ್ತುತ್ತಿದ್ದ. ಇಬ್ಬರು ಹಿಡಿದೆಳೆದರು. ಕೆಳಗೆ ಪ್ರಯೋಗಾಲಯದ ಪಕ್ಕದ ಕ್ಯಾಬಿನ್ನಿನಲ್ಲಿ ಮಲಗಿಸುತ್ತೇವೆ. ಅಲ್ಲಿಂದ ಡೆಕ್ಕು ದೂರ.”

ಆಮೇಲೆ ಅವನ ದನಿ ಕೇಳಲಿಲ್ಲ. ಡಾಕ್ಟರು ಮಾತ್ರ ಸುದ್ದಿ ಕಳಿಸುತ್ತಿದ್ದರು. ಶಾಂತವಾಗಿದ್ದಾನೆ. ಗದ್ದಲ ಮಾಡುತ್ತಿಲ್ಲ. ತುಂಬ ನಿದ್ದೆ ಮಾಡುತ್ತಿದ್ದಾನೆ. ಅದನ್ನು ಓದಿ ಅವಳು ಸಮಾಧಾನಪಟ್ಟಳು.

ಮಂಗಳವಾರ ಅವಳ ಕ್ಲಿನಿಕ್ಕಿಗೆ ಒಬ್ಬ ಮುದುಕಿ ಬಂದಳು. ಮನೆಯಲ್ಲಿದ್ದರೆ ತಲೆನೋವು, ವಾಕರಿಕೆ. ಮಗಳ ಮನೆಗೆ ಹೋದರೆ ಏನೂ ಇಲ್ಲ. ಚಳಿ ಹೆಚ್ಚಾದಾಗಿನಿಂದ ಹೀಗೆ. “ನನ್ನ ಬೆಕ್ಕಿಗೂ ಏನೋ ಆಗಿದೆ ಡಾಕ್ಟರ್, ಎದ್ದೇಳುವುದೇ ಇಲ್ಲ,” ಎಂದು ಮುದುಕಿ ಕೊನೆಗೆ ಸಂಕೋಚದಿಂದ ಹೇಳಿದಳು.

“ಬಾಯ್ಲರ್ ಹಳೆಯದೇ?” ಎಂದಳು ಮಹಾದೇವಿ. ಹಳೆಯದು. ಮನೆಗೆ ಹಿಂತಿರುಗಬೇಡಿ ಎಂದು ಹೇಳಿ, ರಕ್ತಪರೀಕ್ಷೆಗೆ ಆಸ್ಪತ್ರೆಗೆ ಕಳಿಸಿ, ಗ್ಯಾಸಿನವರಿಗೆ ಫೋನ್ ಮಾಡಿದಳು. ವಾಸನೆಯಿಲ್ಲದ ಹೊಗೆ. ಹೊರಗೆ ಬಂದರೆ ಗುಣ, ಒಳಗೆ ಹೋದರೆ ಮತ್ತೆ ಶುರು. ತಮ್ಮ ಹೇಳಿದ್ದೂ ಇದನ್ನೇ. ರಿಸೀವರ್ ಇಡದೆ ಅವಳು ಹಡಗಿನ ನಂಬರು ಒತ್ತಿದಳು.

ಹಡಗಿಗೆ ಲೈನ್ ಸಿಗಲು ಬಹಳ ಹೊತ್ತು ಹಿಡಿಯಿತು.

“ಅವನನ್ನು ಈಗಲೇ ಡೆಕ್ಕಿಗೆ ಕರೆದುಕೊಂಡು ಹೋಗಿ.”

“ಡೆಕ್ಕಿಗೆ? ಮತ್ತೆ ಹಾರಲು ಹೋದರೆ?”

“ಹಿಡಿದುಕೊಳ್ಳಿ, ಕಟ್ಟಿಹಾಕಿ, ಏನಾದರೂ ಮಾಡಿ. ಕೆಳಗೆ ಕಾರ್ಬನ್ ಮಾನಾಕ್ಸೈಡ್ ಇದೆ. ಅವನಿಗೆ ಹುಚ್ಚಲ್ಲ. ನಾನು ಹೇಳಿದ್ದು ತಪ್ಪಾಗಿತ್ತು.”

ಆ ಕಡೆ ಉಸಿರಿನ ಸದ್ದು, ಮತ್ತೆ ಓಡುವ ಕಾಲುಗಳ ಸದ್ದು. ಲೈನ್ ಕಡಿಯಿತು. ಹೊರಗೆ ರೋಗಿಗಳು ಕಾಯುತ್ತಿದ್ದರು. ಅವಳು ಒಬ್ಬೊಬ್ಬರನ್ನೇ ಕರೆದು ನೋಡಿದಳು. ಯಾರಿಗೆ ಏನು ಹೇಳಿದಳೋ ಆಮೇಲೆ ನೆನಪಿರಲಿಲ್ಲ.

ಸಂಜೆ ಫೋನ್ ಬಂತು. ಹಡಗು ಹಿಮಕ್ಕೆ ತಾಗಿದಾಗ ಬಾಯ್ಲರಿನ ಹೊಗೆ ಕೊಳವೆ ಗೋಡೆಯ ಹಿಂದೆ ಬಿರುಕು ಬಿಟ್ಟಿತ್ತು. ಉಗ್ರಾಣವಾಗಿದ್ದ ಆ ಭಾಗದಲ್ಲಿ ಅಲಾರಂ ಇರಲಿಲ್ಲ. ಶ್ರೀಶೈಲನಿಗೆ ಪ್ರಜ್ಞೆ ಇರಲಿಲ್ಲ, ಆದರೆ ಉಸಿರಿತ್ತು, ಆಮ್ಲಜನಕ ಕೊಡುತ್ತಿದ್ದರು. ಪಕ್ಕದ ಪ್ರಯೋಗಾಲಯದಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಲಿಯಮ್ ಸತ್ತಿದ್ದ. ಜೊತೆಗಾರ ಮಲಗಿದ ಮೇಲೆ ಎರಡೂ ಸರದಿಯನ್ನು ಅವನೊಬ್ಬನೇ ಮಾಡುತ್ತಿದ್ದ.

ಚಿಲಿಯ ಆಸ್ಪತ್ರೆಯಿಂದ ಶ್ರೀಶೈಲ ಬರ್ಮಿಂಗ್‌ಹ್ಯಾಮಿಗೆ ಬಂದಾಗ ಮಾರ್ಚ್. ನಡೆಯುವಾಗ ಕಾಲು ತುಸು ತಡವರಿಸುತ್ತಿತ್ತು. “ಮಾವನ ಸುದ್ದಿ ಅವರಿಗ್ಯಾಕ ಹೇಳಿದಿ?” ಎಂದು ಒಮ್ಮೆ ಕೇಳಿದ. ಅವಳು ಅಂಜಿಕೆಯಾಗಿತ್ತು ಎಂದಳು. ಅವನು ಮತ್ತೆ ಆ ಮಾತು ತೆಗೆಯಲಿಲ್ಲ.

ಲಿಯಮ್‌ನ ತಾಯಿ ಶ್ರೀಶೈಲನನ್ನು ನೋಡಬೇಕೆಂದಿದ್ದರು. ಅಕ್ಕ ತಮ್ಮ ಇಬ್ಬರೂ ಸಾಲ್ಫರ್ಡಿಗೆ ಹೋದರು. ಮೀಡಿಯಾಸಿಟಿ ಎಂಬ ಬಡಾವಣೆಯ ಹತ್ತಿರ, ಕಾಲುವೆಗೆ ಮುಖಮಾಡಿದ ಫ್ಲ್ಯಾಟು. ಆಕೆ ಬಿಸ್ಕತ್ತು ತಂದಿಟ್ಟು, ಕೊಳವೆ, ತನಿಖೆ ಯಾವುದರ ಬಗ್ಗೆಯೂ ಕೇಳದೆ, “ಅವನಿಗೆ ಏನು ಕೇಳಿಸುತ್ತಿತ್ತು?” ಎಂದರು.

“ನಿಮ್ಮ ದನಿ,” ಎಂದ ಶ್ರೀಶೈಲ. “ಬಾಲ್ಕನಿಯಿಂದ ಊಟಕ್ಕೆ ಕರೆದಂತೆ ಕೇಳಿಸುತ್ತದೆ ಎನ್ನುತ್ತಿದ್ದ. ಅವನಿಗೆ ಭಯವಿರಲಿಲ್ಲ.”

ಆಕೆ ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು.

ಹಿಂತಿರುಗುವಾಗ ಟ್ರಾಮಿನಲ್ಲಿ ಮಹಾದೇವಿ ಮೆಲ್ಲಗೆ ಕೇಳಿದಳು. “ಅಂವ ಖರೇನ ಹಂಗ ಅಂದಿದ್ನೇನು?”

“ಇಲ್ಲ.” ಅವನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. “ಕಡೀ ದಿನ ನನ್ನ ಕ್ಯಾಬಿನ್ ಬಾಗಿಲಿಗೆ ಬಂದಿದ್ದ. ‘ಅವ್ರು ನಿನ್ನ ಹೆಸರು ಹಿಡಿದು ಕೇಳಾಕತ್ತಾರ. ನೀ ಮಲಕ್ಕೊ, ನಾ ಹೋಗಿ ಮಾತಾಡ್ತೀನಿ’ ಅಂದ. ನಾ ಹೂಂ ಅಂದೆ.”

ಟ್ರಾಮು ನೀರಿನ ಮೇಲಿನ ಸೇತುವೆ ದಾಟುತ್ತಿತ್ತು. ಶ್ರೀಶೈಲ ಕಿವಿಗಳ ಮೇಲೆ ಕೈ ಇಟ್ಟುಕೊಂಡ.